ಶೇಷಮ್ಮ ಎಣಿಸಿದ 30,031

ಅಂಗಿ ಗುಂಡಿ ತಯಾರಿಸುವ ಕಾರ್ಖಾನೆಗೆ ಗುಮಾಸ್ತನಾಗಿ ಸೇರಿದ ಹೊಸತರಲ್ಲಿ ನಾನು ಆಕೆಗೆ ‘ಶೇಷಮ್ಮ’ ಎಂದೇ ಗುರುತಿನ ಚೀಟಿ ಮಾಡಿಸಿಕೊಟ್ಟೆ. ಎಲ್ಲರೂ ಹಾಗೆ ಕರೆಯುತ್ತಿದ್ದರಲ್ಲ! ಆಕೆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಫೋಟೋ ನಂದೇ ಸಾರ್, ಹೆಸರು ಯಾರ್ದು?” ಎಂದರು. ಎಣಿಕೆ ಕೋಣೆಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಏನನ್ನು ಹಂಚಿದರೂ “ಶೇಷ ಎಷ್ಟು?” ಎಂದು ಕೇಳುವುದು ಆಕೆಯ ಚಾಳಿ. ಹೆಸರು ಅಲ್ಲಿಂದ ಅಂಟಿಕೊಂಡದ್ದು.

ಇಪ್ಪತ್ತೆರಡು ವರ್ಷದಿಂದ ಆಕೆಯದು ಎಣಿಸುವ ಕೆಲಸ. ನೂರು ಕುಳಿಗಳ ಹಲಗೆಯ ಮೇಲೆ ಗುಂಡಿಗಳನ್ನು ಸುರಿದು ಅಲುಗಾಡಿಸಬೇಕು; ಕುಳಿಗಳೆಲ್ಲ ತುಂಬಿದರೆ ನೂರು. ಪಕ್ಕದಲ್ಲಿ ಕೂತ ನಾದಿನಿ ಹಲಗೆಗೊಂದು ಗೀಟು ಎಳೆಯುತ್ತಾಳೆ.

ಒಮ್ಮೆ ಹಳೆಯ ಅಚ್ಚಿನ ಗುಂಡಿಗಳನ್ನೆಲ್ಲ ಒಬ್ಬ ಗಿರಾಕಿ ಕೇಳಿದ. ಎಲ್ಲ ಡಬ್ಬಿಯಲ್ಲೂ ಸಮನಾಗಿರಬೇಕು, ಒಂದೂ ಹೊರಗುಳಿಯಬಾರದು. ಡಬ್ಬಿಯಲ್ಲಿ ಅರವತ್ತರ ಮೇಲೆ ಹಿಡಿಯುವುದಿಲ್ಲ. ಶೇಷಮ್ಮ ಎಣಿಸಿ ಬರೆಸಿದ್ದು 30,031.

ಜೇಬಿನಲ್ಲಿ ಮೂರು ಪೆನ್ನು ಸಿಕ್ಕಿಸಿಕೊಳ್ಳುವ ನಮ್ಮ ಮೇಲ್ವಿಚಾರಕರು ಮೂರನ್ನೂ ಪರೀಕ್ಷಿಸಿ, ಒಂದನ್ನು ಆರಿಸಿ, ಭಾಗಿಸಲು ಕೂತರು. ಎರಡರಿಂದ ಭಾಗಿಸಿದರೆ ಒಂದು ಉಳಿಯಿತು. ಮೂರರಿಂದಲೂ ಒಂದು. ಐದು, ಏಳು, ಹನ್ನೊಂದು, ಹದಿಮೂರು, ಹಟ ಹಿಡಿದ ಹಾಗೆ ಪ್ರತಿ ಸಲವೂ ಒಂದೇ. ಒಂದು ಕಳೆದು 30,030 ಮಾಡಿ ನೋಡಿದರೆ ಆ ಆರೂ ಸಂಖ್ಯೆಗಳಿಂದ ಚೊಕ್ಕವಾಗಿ ಭಾಗವಾಯಿತು. ಅವರಿಗೆ ಜ್ಞಾನೋದಯವಾಯಿತು.

“ನೋಡಮ್ಮ, ನೀನು ಒಂದು ಜಾಸ್ತಿ ಎಣಿಸಿದ್ದೀಯ. ಆರು ಸಾಕ್ಷಿ ಇದೆ.”

“ಆ ಆರನ್ನೂ ಒಂದಕ್ಕೊಂದು ಗುಣಿಸಿ ಸಾರ್, ಮೂವತ್ತು ಸಾವಿರದ ಮೂವತ್ತೇ ಬರುತ್ತೆ. ಮೇಲೊಂದು ಸೇರಿದ್ರೆ ಆರಕ್ಕೂ ಒಂದು ಉಳೀಲೇಬೇಕು. ತಪ್ಪು ನಂದಲ್ಲ, ಸಂಖ್ಯೆ ಗುಣವೇ ಅದು.”

“ಅಂದ್ರೆ ಅದು ಯಾವುದಕ್ಕೂ ಒಡೆಯಲ್ಲ. ಒಡೆಯದ ಲೆಕ್ಕ ನಾನೊಪ್ಪಲ್ಲ! ನಾಳೆ ಸಂಜೆಯೊಳಗೆ ಸಮನಾಗಿ ತುಂಬಿ ತೋರಿಸು. ಇಲ್ಲಾಂದ್ರೆ ಈ ಮೇಜು ಬಿಟ್ಟು ಗುಂಡಿ ತೊಳೆಯೋ ತೊಟ್ಟಿಗೆ ಹೋಗು.”

“ಒಂದೊಂದಕ್ಕೆ ಒಂದೊಂದು ಡಬ್ಬಿ ಕೊಟ್ಬಿಡಿ ಸಾರ್, ಸಮ ಆಗುತ್ತೆ,” ಎಂದಳು ನಾದಿನಿ. ಅವರು ಹೋದ ಮೇಲೆ ದನಿ ತಗ್ಗಿಸಿ, “ಅತ್ತಿಗೆ, ಒಂದನ್ನ ನನ್ನ ರವಿಕೆಗೆ ಹೊಲ್ಕೊಂಡ್ಬಿಡ್ಲಾ? ಪೀಡೆ ಕಳೆಯುತ್ತೆ.”

“ಬಾಯ್ಮುಚ್ಚೆ. ಅದು ನಾನು ಎಣಿಸಿದ ಗುಂಡಿ.”

ಶೇಷಮ್ಮ ರಟ್ಟಿನ ಹಿಂಬದಿಯಲ್ಲಿ ಭಾಗಿಸತೊಡಗಿದರು. ಹದಿನೇಳಕ್ಕೆ ಒಂಬತ್ತು ಉಳಿಯಿತು. ಹತ್ತೊಂಬತ್ತಕ್ಕೆ ಹನ್ನೊಂದು. ಮೂಗು ತೂರಿಸದೆ ಇರಲಾಗದ ನಾನು, “ಹದಿನೆಂಟು ಬಿಟ್ರಲ್ಲ?” ಎಂದೆ. “ಎರಡಕ್ಕೇ ಆಗದ್ದು ಹದಿನೆಂಟಕ್ಕೆ ಆಗುತ್ತಾ ಸಾರ್?” ಎಂದರು. ಅಲ್ಲಿಂದ ಮುಂದೆ ನಾನು ರಟ್ಟು ಮಾತ್ರ ಒದಗಿಸಿದೆ. ಐವತ್ತಮೂರೂ ಕೈಕೊಟ್ಟಿತು. ಐವತ್ತೊಂಬತ್ತಕ್ಕೆ ಪೆನ್ಸಿಲ್ ನಿಂತಿತು: ಐವತ್ತೊಂಬತ್ತರ ಐನೂರ ಒಂಬತ್ತು ಡಬ್ಬಿ, ಶೇಷ ಸೊನ್ನೆ.

ಮರುದಿನ ಬೆಳಿಗ್ಗೆ ಹಲಗೆಯ ನಲವತ್ತೊಂದು ಕುಳಿಗಳಿಗೆ ಮೇಣ ಮೆತ್ತಿ ಅತ್ತಿಗೆ ನಾದಿನಿ ತುಂಬಲು ಕೂತರು. ಮೇಲ್ವಿಚಾರಕರ ಮಾತೇ ನಿಜವಾದರೆ ಕೊನೆಯ ಡಬ್ಬಿಗೆ ಒಂದು ಕಡಿಮೆ ಬೀಳಬೇಕು. ಸಂಜೆ ಆ ಡಬ್ಬಿಯನ್ನು ಅವರೇ ಎಣಿಸಿದರು, ಎರಡು ಸಲ. ಐವತ್ತೊಂಬತ್ತು. ಮೇಜಿನ ಮೇಲೆ ಏನೂ ಉಳಿದಿರಲಿಲ್ಲ.

ಅವರು ಗಂಟಲು ಸರಿಮಾಡಿಕೊಂಡರು. “ಅದ್ಸರಿ, ನಾನು ಭಾಗಿಸಿದಾಗೆಲ್ಲ ಒಂದು ಉಳೀತಿತ್ತಲ್ಲ, ಆ ಗುಂಡಿ ಎಲ್ಲಿ ಹೋಯ್ತು?”

“ಅದು ಎಲ್ಲೂ ಹೋಗ್ಲಿಲ್ಲ ಸಾರ್. ಹದಿಮೂರಕ್ಕೇ ಎದ್ದು ಹೋಗಿದ್ದು ನೀವು.”