ಬಳಸದೆ ಬಿಟ್ಟ ಎರಡು ಕಿಲೋ

ಮೊನ್ನೆ ಅಟ್ಟದ ಪೆಟ್ಟಿಗೆಯಲ್ಲಿ ನನ್ನ ಪಿಯುಸಿ ಕಾಲದ ಲಾಗ್ ಟೇಬಲ್ ಪುಸ್ತಕ ಸಿಕ್ಕಿತು. ತೆರೆದರೆ ಮುಗ್ಗಲು ವಾಸನೆ. ಗಿರಿಜೆ ನೆನಪಾಗಿ ಮುಖ ಬಿಸಿಯಾಯಿತು. ಐವತ್ತು ವರ್ಷದ ಮೇಲೂ ಬಿಸಿಯಾಗುತ್ತದೆ ನೋಡಿ.

ಆಗ ನಾವು ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ಪಕ್ಕದ ಮನೆಗೆ ದಾವಣಗೆರೆ ಕಡೆಯಿಂದ ಬಂದವರ ಮಗಳು ಗಿರಿಜೆ. ಇಬ್ಬರಿಗೂ ಒಂದೇ ಕಾಲೇಜು, ಒಂದೇ ಬೆಂಚು. ನಮ್ಮ ಫಿಸಿಕ್ಸ್ ಮೇಷ್ಟ್ರೂ ಅವರ ಊರಿನವರೇ. ಭಾನುವಾರ ಅವರ ಮನೆಗೆ ರೊಟ್ಟಿ ಊಟಕ್ಕೆ ಬರುತ್ತಿದ್ದರು. ಪ್ರಶ್ನೆಪತ್ರಿಕೆ ಏನಾದರೂ ಕೊಟ್ಟುಹೋದರೋ ಎಂಬ ಗುಮಾನಿಯಲ್ಲಿ, ಹೋಗುವಾಗ ಅವರ ಚೀಲ ಬಂದಾಗಿನಷ್ಟೇ ದಪ್ಪ ಇದೆಯೇ ಎಂದು ನಾನು ಕಿಟಕಿಯಿಂದ ಅಳೆಯುತ್ತಿದ್ದೆ. ಅಷ್ಟು ಶ್ರದ್ಧೆ ಪಾಠದ ಮೇಲಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಒಂದು ಟೆಸ್ಟಿನಲ್ಲಿ ಲೆಕ್ಕ ಬಂತು: ಇಪ್ಪತ್ತು ಮೀಟರ್ ಎತ್ತರದ ನೀರಿನ ಟ್ಯಾಂಕಿನ ಮೇಲಿಂದ ಎರಡು ಕಿಲೋ ಕಲ್ಲು ಬೀಳುತ್ತದೆ, ನೆಲ ಮುಟ್ಟುವಾಗ ವೇಗವೆಷ್ಟು? ಆ ಎರಡು ಕಿಲೋವನ್ನು ಸಿಕ್ಕಸಿಕ್ಕಲ್ಲಿ ತುರುಕಿ ಒಂದು ಪುಟ ತುಂಬಿಸಿದೆ. ಸೊನ್ನೆ ಬಂತು. ಗಿರಿಜೆ ಬರೆದದ್ದು ಮೂರೇ ಸಾಲು, ಪೂರ್ತಿ ಅಂಕ. ಪೇಪರ್ ಇಸಕೊಂಡು ನೋಡಿದರೆ, ಎರಡು ಕಿಲೋ ಎಲ್ಲೂ ಇಲ್ಲ! ಕೊಟ್ಟದ್ದನ್ನು ಬಳಸದೆ ಉತ್ತರ ಹೇಗೆ ಬರುತ್ತದೆ? ಮೇಷ್ಟ್ರು ಮೊದಲೇ ಹೇಳಿಕೊಟ್ಟಿರಬೇಕು. ಎಡಗೈಯಲ್ಲಿ ಪ್ರಿನ್ಸಿಪಾಲರಿಗೆ ಹೆಸರಿಲ್ಲದ ಕಾಗದ ಬರೆದುಬಿಟ್ಟೆ.

ಪ್ರಿನ್ಸಿಪಾಲರು ಗಿರಿಜೆಯನ್ನು ಕರೆಸಿ, ಕಾಗದ ತೋರಿಸಿ, ತಮ್ಮೆದುರೇ ಮೂರು ಹೊಸ ಲೆಕ್ಕ ಮಾಡಿಸಿದರು. ಮೂರಕ್ಕೆ ಮೂರೂ ಸರಿ. ಮೇಷ್ಟ್ರು ಅಪರಾಧಿಯ ಹಾಗೆ ಗೋಡೆ ಪಕ್ಕ ನಿಂತಿದ್ದರಂತೆ. ಆ ಭಾನುವಾರ ಗಿರಿಜೆಯ ತಾಯಿ ರೊಟ್ಟಿ ಎತ್ತಿಟ್ಟು ಕಾದರು. ಮೇಷ್ಟ್ರು ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ಲೆಕ್ಕ ಮಾಡಿಸಿದ ದಿನವೇ ಸಂಜೆ ಗಿರಿಜೆ ನೋಟ್‌ಬುಕ್ ಹಿಡಿದು ನಮ್ಮನೆಗೆ ಬಂದಳು.

"ಇಲ್ನೋಡು. ಮೇಲಿದ್ದಾಗಿನ ಶಕ್ತಿಯೇ ಬೀಳ್ತಾ ಬೀಳ್ತಾ ವೇಗದ ಶಕ್ತಿ ಆಗೋದು. ಎರಡೂ ಕಡೆ ಎಮ್ ಇದೆ, ಅಂದ್ರೆ ಆ ಎರಡು ಕಿಲೋ, ಹೊಡೆದುಹಾಕು. ಎರಡು ಕಿಲೋ ಬಿದ್ರೂ ಇನ್ನೂರು ಕಿಲೋ ಬಿದ್ರೂ ಒಂದೇ ವೇಗ ಕಣೇ."

ನನ್ನ ಗುಮಾನಿ ಆಗಲೂ ಬಿಡಲಿಲ್ಲ. ಇವಳು ಲೆಕ್ಕ ಹೇಳಿಕೊಡಲು ಬಂದಳೋ, ನನ್ನ ಮುಖ ಓದಲು ಬಂದಳೋ? ಅವಳು ನೋಟ್‌ಬುಕ್ಕಿನಿಂದ ತಲೆ ಎತ್ತಲೇ ಇಲ್ಲ.

ಗಿರಿಜೆ ಈಗ ಕೆಂಗೇರಿಯಲ್ಲಿದ್ದಾಳೆ. ಹಬ್ಬಕ್ಕೊಮ್ಮೆ ಫೋನು, ಅಷ್ಟೆ. ಮೊನ್ನೆ ನಾನೇ ಮಾಡಿದೆ. ಕುಶಲ ಕೇಳದೆ, "ಆ ಕಾಗದ ಬರೆದಿದ್ದು ನಾನು" ಅಂದೆ.

"ಗೊತ್ತು ಕಣೇ. ಎರಡು ಕಿಲೋ ಬಳಸಿಲ್ಲ ಅಂತ ಬರೆದಿದ್ಯಲ್ಲ, ನಿನ್ನ ಬಿಟ್ಟು ನಾನ್ಯಾರಿಗೆ ಪೇಪರ್ ತೋರ್ಸಿದ್ದೆ?"

"ಗೊತ್ತಿದ್ದೂ ಆವತ್ತು ಸಂಜೆ ಯಾಕ್ ಬಂದೆ?"



"ಸಿಟ್ಟು ಬಂದಿತ್ತು. ಆದ್ರೆ ಕಾಗದ ಓದಿದ್ಮೇಲೆ, ಪಾಪ, ನಿಂಗೆ ಆ ಲೆಕ್ಕ ನಿಜವಾಗ್ಲೂ ಅರ್ಥ ಆಗಿಲ್ಲ ಅಂತ ಗೊತ್ತಾಯ್ತು. ಪರೀಕ್ಷೆ ಬೇರೆ ಹತ್ರ ಇತ್ತು."

ಈ ಮಾತಿನ ಹಿಂದೆ ಏನಿರಬಹುದು ಎಂದು ಹುಡುಕಲು ಹೊರಟೆ. ಏನೂ ಸಿಗಲಿಲ್ಲ. ಮೊದಲ ಸಲ, ಹುಡುಕುವುದನ್ನು ಬಿಟ್ಟು ಅತ್ತೆ.