ಪಕ್ಕದ ಮನೆಯ ಝಾತರ್

ಎಂಬತ್ತರ ದಶಕದ ಆರಂಭದಲ್ಲಿ ನಾವು ಕುವೈತಿನ ಹವಲ್ಲಿಯಲ್ಲಿ ಒಂದು ಫ್ಲ್ಯಾಟಿನಲ್ಲಿದ್ದೆವು. ಯಜಮಾನರಿಗೆ ಅಹ್ಮದಿಯಲ್ಲಿ ಎಂಜಿನಿಯರ್ ಕೆಲಸ. ಆಫೀಸಿನ ಎ.ಸಿ. ಗಾಳಿಗೆ ಸದಾ ನೆಗಡಿ, ಕೆಮ್ಮು. ಊರಿನಿಂದ ತಂದ ದೊಡ್ಡಪತ್ರೆಯ ಕಡ್ಡಿಯನ್ನು ನಾನು ಹಾಲಿನ ಪುಡಿಯ ಖಾಲಿ ಡಬ್ಬದಲ್ಲಿ ನೆಟ್ಟು, ಬಾಲ್ಕನಿಯ ನೆರಳಲ್ಲಿ ಜೋಪಾನವಾಗಿ ಬದುಕಿಸಿದ್ದೆ. ಅದರ ಕಷಾಯ ಕೊಟ್ಟರೆ, "ಇದನ್ನ ಮನುಷ್ಯರು ಕುಡೀತಾರೇನೇ?" ಎಂದು ಮೂಗು ಮುರಿಯುತ್ತಿದ್ದರು.

ಒಮ್ಮೆ ಇವರ ಕೆಮ್ಮು ಗೋಡೆಯಾಚೆಗೂ ಕೇಳಿಸಿ, ಪಕ್ಕದ ಮನೆಯ ಪ್ಯಾಲೆಸ್ತೀನಿ ಹೆಂಗಸು ಝಾತರ್ ಎಂಬ ಒಣಗಿದ ಎಲೆ ತಂದುಕೊಟ್ಟರು. ಅವರೂರಿನ ಬೆಟ್ಟದ್ದಂತೆ. ಆಕೆ ಹೇಳಿದಂತೆ ಕುದಿಸಿ, ಸಕ್ಕರೆ ಹಾಕಿ, ಪುಟ್ಟ ಗಾಜಿನ ಲೋಟದಲ್ಲಿ ಕೊಟ್ಟೆ. ನನ್ನ ಮೂಗಿಗೆ ಬಡಿದದ್ದು ಹೆಚ್ಚುಕಡಿಮೆ ದೊಡ್ಡಪತ್ರೆಯ ವಾಸನೆಯೇ. ಇವರು ಮಾತ್ರ ಕಣ್ಣುಮುಚ್ಚಿ ಹೀರಿ, ಇನ್ನೊಂದು ಲೋಟ ಕೇಳಿದರು. ಆಮೇಲೆ ಮನೆಗೆ ಬಂದವರ ಮುಂದೆಲ್ಲ ಅದರದೇ ಗುಣಗಾನ. ನನಗೆ ಒಳಗೊಳಗೇ ಉರಿ.

ವಾರದಲ್ಲಿ ಎಲೆ ಮುಗಿಯಿತು. ಮತ್ತೆ ಕೇಳಲು ಸಂಕೋಚ. ಬಾಲ್ಕನಿಯಿಂದ ನಾಲ್ಕು ದೊಡ್ಡಪತ್ರೆ ಎಲೆ ಕಿತ್ತು ಕುದಿಸಿ, ಸಕ್ಕರೆ ಹಾಕಿ, ಅದೇ ಗಾಜಿನ ಲೋಟದಲ್ಲಿ ತಂದಿಟ್ಟೆ. ಇವರು ಒಂದು ಗುಟುಕು ಕುಡಿದು ತಲೆದೂಗಿದರು.

"ನೋಡೇ, ಈ ಘಮ ನಿನ್ನ ಕಷಾಯಕ್ಕೆ ಎಲ್ಲಿಂದ ಬರಬೇಕು? ಇದೆಲ್ಲ ಆ ಬೆಟ್ಟದ ಮಣ್ಣಿನ ಗುಣ."

"ಹೌದ್ರೀ" ಎಂದೆ. ಬಾಲ್ಕನಿಗೆ ಹೋಗಿ, ಬೆಟ್ಟಕ್ಕೆ ಒಂದು ಚೊಂಬು ನೀರು ಹಾಕಿ ಬಂದೆ.