ಶರಣಮ್ಮ ನನಗೆ ಹೇಳಿಯೇ ಹೋಗಿದ್ದರು

ಶರಣಮ್ಮ, ನೀವು ನನಗೆ ಹೇಳಿಯೇ ಹೋಗಿದ್ದಿರಿ. ಸುಳ್ಳು ಹೇಳಿದವಳು ನಾನು. ಮೂರು ವರ್ಷದಿಂದ ಈ ಮಾತನ್ನು ಗಂಟಲಲ್ಲೇ ಇಟ್ಟುಕೊಂಡು, ಹಲಸೂರಿನ ಹಿರಿಯರ ಕೇಂದ್ರದಲ್ಲಿ ದಿನಾ ಮಧ್ಯಾಹ್ನ ಎಲೆಯ ಮುಂದೆ ಕೂರುತ್ತೇನೆ — ಎರಡನೇ ಸಲ ಅನ್ನ ಕೇಳಿ ಹಾಕಿಸಿಕೊಳ್ಳುತ್ತೇನೆ ಕೂಡ. ನಾಚಿಕೆಗೆಟ್ಟವಳು.

ಬುಧವಾರ ಎಲ್ಲರೂ ಮನೆಯಿಂದ ಒಂದೊಂದು ಡಬ್ಬಿ ತರುವ ರೂಢಿ ನಮ್ಮದು. ನೀವು ಬರುವವರೆಗೆ ನನ್ನ ಹುಣಸೆ ಗೊಜ್ಜಿಗೆ ಕೈಗಳು ಮುಗಿಬೀಳುತ್ತಿದ್ದವು. ನೀವು ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಿಂದ ನಿಮ್ಮ ಕಲಬುರಗಿಯ ಶೇಂಗಾ ಚಟ್ನಿ ತಂದಿರಿ — ಅಲ್ಲಿಗೆ ಮುಗಿಯಿತು. ನನ್ನ ಡಬ್ಬಿ ತುಂಬಿದಂತೆಯೇ ಮನೆಗೆ ವಾಪಸು. ಗೊಜ್ಜಿಗಾಗಿ! ಎಪ್ಪತ್ತು ದಾಟಿದ ಹೆಂಗಸು ಗೊಜ್ಜಿಗಾಗಿ ಹೊಟ್ಟೆಕಿಚ್ಚು ಪಟ್ಟೆ. ಥೂ.

ಹೇಳದೆ ಮೂರು ದಿನ ತಪ್ಪಿಸಿದರೆ ಊಟದ ಜಾಗ ಬೇರೆಯವರಿಗೆ ಹೋಗುತ್ತದೆ. ಅದಕ್ಕೇ ನೀವು ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದು ಹೇಳಿದಿರಿ: “ಅಕ್ಕಾರ, ಕಣ್ಣಿನ ಆಪರೇಷನ್ ಅದರಿ. ಒಂದ್ ವಾರ ಬರಾಂಗಿಲ್ಲ. ಮೇಡಂಗ ಹೇಳ್ರಿ.”

ಮೂರನೇ ದಿನ ಕೇಂದ್ರ ನಡೆಸುವ ಮೇಡಂ ನೀವೇಕೆ ಬಂದಿಲ್ಲವೆಂದು ಕೇಳಿದರು. “ನಂಗೇನ್ ಗೊತ್ತು ಮೇಡಂ? ನಂಗೇನೂ ಹೇಳಿಲ್ಲಪ್ಪ” ಎಂದೆ.

ಕಪ್ಪು ಕನ್ನಡಕ ಹಾಕಿಕೊಂಡು, ಮಗಳ ಜೊತೆ ನೀವು ಬಂದಾಗ ನಿಮ್ಮ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ನೀವು ನನ್ನತ್ತ ತಿರುಗಿದಿರಿ. ಆಗಲಾದರೂ ಬಾಯಿ ಬಿಡಬಹುದಿತ್ತು — ಬಿಟ್ಟೆ, ಆದರೆ ಏನೆಂದು? “ಇಲ್ಲಾರೀ, ನೀವು ಮರ್ತಿದೀರ. ಹೇಳಿದ್ರೆ ನಾನು ಹೇಳ್ದೆ ಇರ್ತಿದ್ನಾ?”

ನೀವು ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. “ಹೌದೇನ್ರಿ... ಮರ್ತೀನಿ ಕಾಣ್ತದ,” ಎಂದು ತಲೆ ತಗ್ಗಿಸಿದಿರಿ. ಪಕ್ಕದವರು ಯಾರೋ “ಪಾಪ, ಅರಳುಮರಳು” ಎಂದರು. ನಾನೂ ತಲೆಯಾಡಿಸಿದೆ. ನಿಮ್ಮ ಮಗಳು ಅದನ್ನೆಲ್ಲ ನೋಡುತ್ತಿದ್ದಳು.

ಮುಂದಿನ ತಿಂಗಳೇ ಒಂದು ಜಾಗ ಖಾಲಿಯಾಯಿತು. ನಿಮ್ಮನ್ನು ಮತ್ತೆ ಕರೆಯಲು ಮೇಡಂ ಫೋನ್ ಮಾಡಿದರೆ ಮಗಳು ಒಪ್ಪಲಿಲ್ಲ. “ಅವ್ವಗ ಮರವು ಸುರು ಆಗ್ಯದರಿ, ಒಬ್ಬಾಕಿನ್ನ ಮೆಟ್ರೋದಾಗ ಹ್ಯಾಂಗ ಕಳಸ್ಲಿ?” ಎಂದಳಂತೆ. ಅವಳ ಮೇಲೆ ಸಿಟ್ಟು ಮಾಡಿಕೊಂಡೆ ನಾನು, ನನ್ನ ಮೇಲಲ್ಲ! ಎಂಥ ಅನುಕೂಲದ ಸಿಟ್ಟು.

ಕಳೆದ ವಾರ ಕೊನೆಗೂ ನಿಮ್ಮ ಕೋಣೆ ಹುಡುಕಿಕೊಂಡು ಬಂದೆ, ಎಲ್ಲ ಹೇಳಿಬಿಡಬೇಕೆಂದೇ. ಹೊರಗಿನಿಂದ ಬೀಗ. ಮಗಳು ನಿಮ್ಮನ್ನು ಒಳಗೆ ಬಿಟ್ಟು ಕೆಲಸಕ್ಕೆ ಹೋಗಿದ್ದಳು. ಕಿಟಕಿಯ ಸರಳಿನಾಚೆ ನನ್ನ ದನಿ ಕೇಳಿದ್ದೇ ಗುರುತು ಹಿಡಿದಿರಿ, ಊಟ ಆಯ್ತೇನೆಂದು ಕೇಳಿದಿರಿ. ಆಮೇಲೆ ಮೆಲ್ಲಗೆ, “ಅಕ್ಕಾರ, ಇವತ್ತ ಸೋಮವಾರ ಹೌದಲ್ರಿ? ನಾ ಹಂಗ ಅನ್ಕೊಂಡೀನಿ... ಖರೆ ನನ್ನ ಮ್ಯಾಲ ನನಗ ನಂಬಿಕಿ ಇಲ್ಲ.”

ಸೋಮವಾರವೇ ಆಗಿತ್ತು ಶರಣಮ್ಮ. “ಹೌದು” ಎಂದಷ್ಟೇ ಹೇಳಿ — ಹೇಡಿಯ ಹಾಗೆ ಬಂದುಬಿಟ್ಟೆ.

ನಾಳೆ ಊಟಕ್ಕೆ ಮುಂಚೆ ಎಲ್ಲರ ಎದುರು ಹೇಳುತ್ತೇನೆ. ಸಂಜೆ ನಿಮ್ಮ ಮಗಳ ಎದುರೂ. ಅವಳು ಕೆನ್ನೆಗೆ ಬಾರಿಸಿದರೂ ಬಾರಿಸಲಿ. ಆ ಬೀಗ ಅವಳು ಹಾಕಿದ್ದಲ್ಲ, ನಾನು ಹಾಕಿಸಿದ್ದು.